ಹೆಸರು ಬರೆಯಬೇಡಿ

“ಎರಡನ್ನೂ ಒಪ್ಪೋದು ಹೆಂಗೆ?”

ಹೊನ್ನಾಳಿಯಿಂದ ಹೊರಟ ಬಸ್ಸಿನಲ್ಲಿ ತೊಡೆಯ ಮೇಲೆ ಕಾಗದದ ಕಟ್ಟು ಇಟ್ಟುಕೊಂಡು ಕೂತಿದ್ದ ಹೇಮಾವತಿ ಗಟ್ಟಿಯಾಗಿಯೇ ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. ಪಕ್ಕದ ಸೀಟಿನ ಹೆಂಗಸು ತನ್ನನ್ನೇ ಕೇಳಿದರೇನೋ ಎಂದು ತಿರುಗಿದಳು. “ಏನವ್ವಾ?”

“ಏನಿಲ್ಲ ರೀ.”

“ಏನೂ ಇಲ್ದಕ್ಕೆ ಇಷ್ಟು ಸಿಟ್ಟಾ?” ಎಂದು ಆ ಹೆಂಗಸು ಸೆರಗು ಹೊದ್ದು ಕಿಟಕಿಗೆ ತಲೆಯಾನಿಸಿದಳು.

ಹೇಮಾವತಿ ಚನ್ನಗಿರಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಳು. ಜೊತೆಗೆ ಪಿಎಚ್‌ಡಿ ಮಾಡುತ್ತಿದ್ದಳು. ಶಾಲೆಯ ಅಧಿಕಾರ ಮತ್ತು ನಿಯಮಗಳ ಬಗ್ಗೆ ಮಕ್ಕಳ ಮನೋಭಾವ ಹೇಗಿದೆ ಎಂದು ಅಳೆಯುವುದು ಅವಳ ವಿಷಯ. ಅದಕ್ಕಾಗಿ ಒಂದಷ್ಟು ಹೇಳಿಕೆಗಳನ್ನು ಅಚ್ಚು ಹಾಕಿಸಿದ್ದಳು; ಅದೇ ಅವಳ ಮಾಪನ. ಪ್ರತಿ ಹೇಳಿಕೆಯ ಮುಂದೆ ಐದು ಚೌಕ. ಮೊದಲ ಚೌಕ ‘ಪೂರ್ಣ ಒಪ್ಪುತ್ತೇನೆ’, ಕೊನೆಯದು ‘ಖಂಡಿತ ಒಪ್ಪುವುದಿಲ್ಲ’. ಮಗು ತನಗೆ ಅನಿಸಿದ ಚೌಕಕ್ಕೆ ಗುರುತು ಹಾಕಬೇಕು. ಓದದೆ ಗುರುತು ಹಾಕುವವರು ಸಿಕ್ಕಿಬೀಳಲಿ ಎಂದು ಕೆಲವು ಹೇಳಿಕೆಗಳನ್ನು ತಿರುಗಿಸಿ ಬರೆದಿದ್ದಳು. ‘ಶಾಲೆಯ ನಿಯಮವನ್ನು ಯಾರೂ ಪ್ರಶ್ನಿಸಬಾರದು’ ಎಂದು ಒಂದು ಕಡೆ. ಸ್ವಲ್ಪ ಕೆಳಗೆ, ‘ತಪ್ಪೆನಿಸಿದ ನಿಯಮವನ್ನು ವಿದ್ಯಾರ್ಥಿಗಳು ಪ್ರಶ್ನಿಸಬೇಕು’ ಎಂದು ಇನ್ನೊಂದು. ಹೊನ್ನಾಳಿಯ ಮಕ್ಕಳು ಎರಡಕ್ಕೂ ‘ಪೂರ್ಣ ಒಪ್ಪುತ್ತೇನೆ’ ಎಂದು ಗುರುತು ಹಾಕಿದ್ದರು.

ನಾಲ್ಕು ತಾಲ್ಲೂಕು, ಒಂದೊಂದರಲ್ಲಿ ಒಂದು ಶಾಲೆ. ಚನ್ನಗಿರಿಯಲ್ಲಿ ಅವಳದೇ ಮಕ್ಕಳು. ಅವಳ ಮುಖ ನೋಡಿಕೊಂಡೇ ಗುರುತು ಹಾಕಿದ್ದರು. ಹೊನ್ನಾಳಿಯದು ಹೀಗಾಯಿತು. ಇನ್ನು ನ್ಯಾಮತಿ ತಾಲ್ಲೂಕಿನದು. ಸವಳಂಗದ ಆಚೆಯ ಆ ಶಾಲೆಯ ಕನ್ನಡ ಮೇಷ್ಟ್ರು, “ನೀವು ಕೂತ್ಕೊಳ್ರಿ ಮೇಡಂ, ದಣಿದೀರಿ, ನಾನು ಓದಿ ಹೇಳ್ತೀನಿ” ಎಂದು ಕಾಗದ ಇಸಿದುಕೊಂಡರು. ಒಳ್ಳೆಯ ಕಂಠ. ಒಂದೊಂದು ಹೇಳಿಕೆಯನ್ನೂ ಪ್ರಾರ್ಥನೆಯ ಧಾಟಿಯಲ್ಲಿ ಎಳೆದು ಓದಿ, ಕೊನೆಗೆ ಕನ್ನಡಕದ ಮೇಲಿಂದ ನೋಡಿ, “ಒಪ್ತೀರಲ್ಲ?” ಎಂದರು. ತರಗತಿಗೆ ತರಗತಿಯೇ “ಹೌದು ಸಾ” ಎಂದಿತು.

ಆ ಹೌದನ್ನು ಹೇಮಾವತಿ ಬಲ್ಲಳು. ಅವಳ ತಂದೆ ಸಂಜೆ ವಿಭೂತಿ ಧರಿಸಿ ಪುರಾಣದ ಪದ್ಯ ಓದುತ್ತಿದ್ದರು. ಮನೆಮಂದಿ ಸುತ್ತ ಕೂತು ಪದ್ಯ ಮುಗಿದಲ್ಲೆಲ್ಲ “ಹೌದಪ್ಪಾ” ಎನ್ನುತ್ತಿದ್ದರು. ಅರ್ಥವಾಯಿತು ಎಂದಲ್ಲ, ಒಪ್ಪಿದೆ ಎಂದೂ ಅಲ್ಲ. ಕೇಳುತ್ತಿದ್ದೇನೆ, ಮುಂದುವರಿಸು ಎಂದು. ಓದುವವನು ಒಬ್ಬನೇ ಅಲ್ಲ ಎಂದು ತಿಳಿಸುವ ಸದ್ದು ಅದು. ಆ ಸದ್ದಿನಲ್ಲೇ ಬೆಳೆದವಳಿಗೆ ಅದರ ಮೇಲೆ ಅಕ್ಕರೆ. ಆದರೆ ಅಳತೆಗೆ ಅದು ಉಪಯೋಗವಿಲ್ಲ.

ಅವಳ ಮಾರ್ಗದರ್ಶಕ ಸತೀಶ್ ಕುಮಾರ್ ಫೋನಿನಲ್ಲಿ ಅದನ್ನೇ ಹೇಳಿದರು. “ಎಲ್ಲಾ ಮಕ್ಕಳೂ ಒಂದೇ ಚೌಕದಲ್ಲಿ ಕೂತಿದ್ದಾರೆ ಅಂದ್ರೆ ನಿಮ್ಮ ಮಾಪನ ಏನನ್ನೂ ಅಳೀತಿಲ್ಲ ಅಂತ ಅರ್ಥ ಹೇಮಾವತಿ. ಜಗಳೂರೊಂದು ಉಳಿದಿದೆ. ಅಲ್ಲಿ ಶಿಕ್ಷಕರನ್ನ ಹೊರಗೆ ಕಳಿಸಿ. ಮಕ್ಕಳಿಗೆ ಧೈರ್ಯ ತುಂಬಿ. ಅಲ್ಲೂ ಹೀಗೇ ಆದ್ರೆ ವಿಷಯಾನೇ ಬದಲಾಯಿಸಬೇಕಾಗುತ್ತೆ.”

*

ಜಗಳೂರು ತಾಲ್ಲೂಕಿನ ಆ ಅನುದಾನಿತ ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ಅವಳು ಹೋದಾಗ ಬಾಗಿಲಲ್ಲಿ ದೈಹಿಕ ಶಿಕ್ಷಕ ಪರಶುರಾಮ್ ನಿಂತಿದ್ದರು. ಎತ್ತರದ ಆಳು, ಕೊರಳಲ್ಲಿ ಸೀಟಿ. ತರಗತಿ ಉಸಿರು ಬಿಡದಂತೆ ಕೂತಿತ್ತು.

“ಸರ್, ಸ್ವಲ್ಪ ಹೊತ್ತು ತಾವು ಹೊರಗಿದ್ರೆ ಚೆನ್ನಾಗಿತ್ತು.”

“ನಾನಿದ್ರೆ ಏನ್ ಮೇಡಂ, ನಾನೇನ್ ಹುಲೀನಾ?” ಎಂದು ಅವರು ಮಕ್ಕಳ ಕಡೆ ನೋಡಿದರು. “ಏನ್ರಲೇ, ಹುಲೀನಾ ನಾನು?”

ಮಕ್ಕಳು ನಕ್ಕರು. ನಗಬೇಕಾದಷ್ಟು ನಕ್ಕು ಒಟ್ಟಿಗೇ ನಿಲ್ಲಿಸಿದರು. ಪರಶುರಾಮ್ ಹೊರಗೆ ಹೋದರು. ಹೇಮಾವತಿ ಬಾಗಿಲು ಮುಂದಕ್ಕೆ ಮಾಡಿ ಕಾಗದ ಹಂಚಿದಳು.

“ಹೆಸರು ಬರೆಯಬೇಡಿ. ನಂಬರೂ ಬೇಡ. ನೀವು ಯಾರು ಅಂತ ನನಗೂ ಗೊತ್ತಾಗಬಾರದು. ನಿಮಗೆ ನಿಜವಾಗಿ ಏನನ್ಸುತ್ತೋ ಅದಕ್ಕೆ ಗುರುತು ಹಾಕಿ. ಕೆಳಗೆ ಜಾಗ ಇದೆಯಲ್ಲ, ಯಾವುದಾದರೂ ನಿಯಮ ಬದಲಾಗಬೇಕು ಅನ್ಸಿದ್ರೆ ಅಲ್ಲಿ ಬರೀರಿ. ನಿಮ್ಮ ಸರ್‌ಗಳು ಯಾರೂ ಇದನ್ನ ನೋಡಲ್ಲ.”

ಯಾರೂ ಪೆನ್ನು ಎತ್ತಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ವಿನೋದ್ ಅಂತ, ಎದ್ದ. “ದೇವ್ರಾಣೆ ನೋಡಲ್ವಾ ಮಿಸ್?”

“ದೇವರಾಣೆ.”

“ಯಾವ ದೇವ್ರು ಮಿಸ್? ನಮ್ಮ ಮನೆದೇವ್ರು ಬೇರೆ, ಇವನ ಮನೆದೇವ್ರು ಬೇರೆ. ಇವನ ದೇವ್ರು ಆಣೆಗೆಲ್ಲಾ ಅಂಜಲ್ಲ.” ಪಕ್ಕದವನು ಅವನ ಅಂಗಿ ಜಗ್ಗಿ ಕೂರಿಸಿದ. ಈ ಸಲದ ನಗು ಬೇರೆಯಾಗಿತ್ತು. ಒಂದು ಕಡೆ ಹುಟ್ಟಿ ಇನ್ನೊಂದು ಕಡೆಗೆ ಹರಿದು ಹೋಯಿತು.

“ಹಂಗಾದ್ರೆ ನಿಮ್ಮ ನಿಮ್ಮ ಮನೆದೇವರ ಆಣೆ,” ಎಂದಳು ಹೇಮಾವತಿ. ಹಾಗೆಂದಾಗ ಅವಳು ಮನಸ್ಸಿನಲ್ಲಿ ಕೈ ಮುಗಿದೂ ಇದ್ದಳು.

ತಲೆಗಳು ಬಗ್ಗಿದವು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಎಣ್ಣೆ ಹಚ್ಚಿ ಬಿಗಿದು ಎರಡು ಜಡೆ ಹಾಕಿದ ಹುಡುಗಿಯೊಬ್ಬಳು ಬೇಗ ಬೇಗ ಗುರುತು ಹಾಕಿ ಮುಗಿಸಿ, ಕೆಳಗಿನ ಜಾಗದಲ್ಲಿ ಬರೆಯತೊಡಗಿದಳು. ಜಾಗ ಸಾಲದೆ ಅಂಚಿನಲ್ಲೂ ಬರೆದಳು. ಹೇಮಾವತಿ ಆ ಕಡೆ ನೋಡಬಾರದು ಎಂದು ಹೊರಗೆ ಅಂಗಳದ ಧ್ವಜಕಂಬವನ್ನು ನೋಡುತ್ತ ನಿಂತಳು.

*

ಸ್ಟಾಫ್ ರೂಮಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತರಿಸಿದ್ದರು. ಮುಖ್ಯೋಪಾಧ್ಯಾಯ ವಿರೂಪಾಕ್ಷಪ್ಪ ಉಪಚಾರದ ಮನುಷ್ಯ. “ತಗೊಳ್ರಿ ತಾಯಿ, ಚನ್ನಗಿರಿಯಿಂದ ಬಂದೀರಿ, ಎಷ್ಟು ದೂರ” ಎಂದು ತಟ್ಟೆ ಸರಿಸಿದರು. ಆಮೇಲೆ, “ಹೆಂಗೈತೆ ನಮ್ಮ ಹುಡುಗ್ರ ಮನೋಭಾವ? ಒಂದ್ ಸಲ ಹಂಗೇ ಕಣ್ಣಾಡಿಸ್ಲಾ?”

“ಅದಾಗಲ್ಲ ಸರ್. ಮಕ್ಕಳಿಗೆ ಮಾತು ಕೊಟ್ಟಿದೀನಿ.”

“ಆಯ್ತು ಬಿಡ್ರಿ, ಮಾತು ಅಂದ್ರೆ ಮಾತು. ಒಂದು ಖಾಲಿದಾದ್ರೂ ಕೊಡ್ರಿ, ನಮ್ಮ ಫೈಲಿಗೆ.”

ಖಾಲಿ ಹಾಳೆ ಕೊಡುವುದರಲ್ಲಿ ತಪ್ಪೇನು? ಕೊಟ್ಟಳು. ತುಂಬಿದ ಹಾಳೆಗಳನ್ನು ಎದೆಗೆ ಆನಿಸಿಕೊಂಡು ಜೋಡಿಸತೊಡಗಿದಳು. ಆಗಲೇ ಅವಳು ಅದನ್ನು ಗಮನಿಸಿದ್ದು. ಯಾರೂ ಹೆಸರು ಬರೆದಿರಲಿಲ್ಲ. ಆದರೆ ಪ್ರತಿ ಹಾಳೆಯ ನೆತ್ತಿಯಲ್ಲೂ, ಪರೀಕ್ಷೆ ಬರೆಯುವಾಗ ಬರೆದು ರೂಢಿಯಾದಂತೆ, ಪುಟ್ಟ ಅಕ್ಷರದಲ್ಲಿ ಮನೆದೇವರ ಹೆಸರು ಬರೆದು ಕೆಳಗೆ ಗೆರೆ ಎಳೆದಿದ್ದರು. ಅವಳೂ ಶಾಲೆಯಲ್ಲಿ ಹಾಗೇ ಬರೆದವಳು. ಈಗಲೂ ದಿನಸಿ ಚೀಟಿಯ ಮೇಲೂ ದೇವರ ಹೆಸರಿಲ್ಲದೆ ಅಕ್ಕಿ ಬೇಳೆ ಬರೆಯುವವಳಲ್ಲ. ದಣಿದ ಮನಸ್ಸಿಗೆ ತಂಪಾಯಿತು.

“ನೋಡ್ರಿ ಸರ್, ಎಷ್ಟು ಚೆಂದ,” ಎಂದಳು. ತುದಿಗಳನ್ನಷ್ಟೇ ತಿರುವುತ್ತ ಓದಿದಳು. “ಗುರು ತಿಪ್ಪೇರುದ್ರಸ್ವಾಮಿ ಪ್ರಸನ್ನ. ಕೊಡದಗುಡ್ಡದ ವೀರಭದ್ರ ಪ್ರಸನ್ನ. ಚೌಡೇಶ್ವರಿ. ಮತ್ತೆ ತಿಪ್ಪೇರುದ್ರಸ್ವಾಮಿ. ಉಚ್ಚಂಗೆಮ್ಮ. ಆಂಜನೇಯ…” ತಂದೆಯ ಓದಿನ ಧಾಟಿ ತಾನಾಗಿ ಬಂದಿತ್ತು. ವಿರೂಪಾಕ್ಷಪ್ಪ ಪ್ರತಿ ಹೆಸರಿಗೂ “ಹೌದು, ಹೌದು” ಎನ್ನುತ್ತಿದ್ದರು.

“ಅಂತರಘಟ್ಟಮ್ಮ!” ಹೇಮಾವತಿಯ ಮುಖ ಅರಳಿತು. “ಇದು ನಮ್ಮ ಕಡೆ ದೇವ್ರಲ್ವಾ ಸರ್? ಇಲ್ಲಿಗೆ ಹೆಂಗೆ ಬಂದ್ಳು ತಾಯಿ?”

ಅವಳ ಹಿಂದೆ ಚಹಾ ಹಿಡಿದು ನಿಂತಿದ್ದ ಪರಶುರಾಮ್ ಬಗ್ಗಿ ಲೋಟ ಇಟ್ಟರು. “ಅದೊಂದೇ ಮನೆ ಮೇಡಂ ಈ ಸುತ್ತಿನಾಗೆ. ತ್ಯಾವಣಿಗೆ ಕಡೆಯೋನು, ಇಲ್ಲಿಗೆ ಮನೆಅಳಿಯ ಆಗಿ ಬಂದ. ಬರೋವಾಗ ದೇವ್ರನ್ನೂ ಕಟ್ಕೊಂಡು ಬಂದವ್ನೆ.” ಎಲ್ಲರೂ ನಕ್ಕರು. ಹೇಮಾವತಿಯೂ ನಕ್ಕಳು. ನಗುತ್ತಲೇ ಹಾಳೆ ಮಗುಚಿದಳು. ಮಗುಚುವ ಮೊದಲು ಅದು ಎಷ್ಟು ಹೊತ್ತು ಮೇಲ್ಮುಖವಾಗಿ ತೆರೆದಿತ್ತು ಎಂದು ಅವಳಿಗೆ ಆಗ ಹೊಳೆಯಲಿಲ್ಲ. ಆ ಹಾಳೆಯ ನೀಲಿ ಗುರುತುಗಳು ಮುಕ್ಕಾಲುಪಾಲು ಬಲಗಡೆಯ ಕೊನೆಯ ಸಾಲಿನಲ್ಲಿ ಒಂದರ ಕೆಳಗೊಂದು ಇಳಿದಿದ್ದವು.

*

ಆ ಹಾಳೆಯನ್ನು ಅವಳು ಓದಿದ್ದು ಮಾರನೆಯ ದಿನ, ಚನ್ನಗಿರಿಯಲ್ಲಿ ತನ್ನ ಶಾಲೆಯ ಬಿಡುವಿನ ಅವಧಿಯಲ್ಲಿ. ಹುಡುಗಿ ಓದದೆ ಗುರುತು ಹಾಕಿದವಳಲ್ಲ. ತಿರುಗಿಸಿ ಬರೆದ ಹೇಳಿಕೆಗಳು ಬಂದಲ್ಲಿ ಮಾತ್ರ ಗುರುತು ಎಡಕ್ಕೆ ಹಾರಿತ್ತು. ಉಳಿದ ಕಡೆಯೆಲ್ಲ ಬಲಕ್ಕೆ. ‘ಶಿಕ್ಷಕರು ಕೊಡುವ ಶಿಕ್ಷೆಗೆ ಯಾವಾಗಲೂ ಸರಿಯಾದ ಕಾರಣವಿರುತ್ತದೆ’ ಎಂಬಲ್ಲಿ ಗುರುತಿನ ಮೇಲೆ ಗುರುತು ತಿದ್ದಿ ಕಾಗದ ತೂತಾಗಿತ್ತು. ಕೆಳಗೆ ಹೀಗೆ ಬರೆದಿತ್ತು:

‘ತಡವಾಗಿ ಬಂದವರು ಧ್ವಜಕಂಬದ ಹತ್ತಿರ ನಿಂತು ಮೈಕಿನಲ್ಲಿ ಕಾರಣ ಹೇಳಬೇಕು. ಬಸ್ಸು ತಡವಾಯಿತು ಅಂದರೆ ಪಿ.ಟಿ. ಸರ್ ಒಪ್ಪಲ್ಲ. ಆವತ್ತು ನಾನು ಹೊರಗಾಗಿದ್ದೆ. ನಿಲ್ಲಲು ಆಗಲ್ಲ, ಕೂರುತ್ತೇನೆ ಅಂದೆ. ಯಾಕೆ ಅಂತ ಮೈಕಿನಲ್ಲಿ ಹೇಳು ಅಂದರು. ನಾನು ಹೇಳಲಿಲ್ಲ. ಹೇಳುವ ತನಕ ನಿಲ್ಲಿಸಿದರು. ನನ್ನ ಬಟ್ಟೆ ಎಲ್ಲರೂ ನೋಡಿದರು. ಬೇರೆ ಹುಡುಗಿಯರಿಗೂ ಹೀಗೆ ಆಗಿದೆ. ಅವರು ಹೇಳಲ್ಲ. ಈ ನಿಯಮ ತೆಗೆಯಿರಿ.’

ಓದಿ ಮುಗಿಸಿದಾಗ ಹೇಮಾವತಿಗೆ ಮೊದಲು ಆದದ್ದು ಸಂಕಟವಲ್ಲ. ಮಾಪನ ಕೊನೆಗೂ ಒಂದು ಮಗುವನ್ನು ಮುಟ್ಟಿತು ಎಂಬ ಹಗುರ. ಸಂಕಟ ಆಮೇಲೆ ಬಂತು, ಬಂದು ಕೂತಿತು. ಸತೀಶ್ ಕುಮಾರ್‌ಗೆ ಫೋನ್ ಮಾಡಿದಳು. ಅವರು, “ದೂರು ಕೊಡೋದಾದ್ರೆ ಮರುಪರೀಕ್ಷೆ ಮುಗಿಸಿ ಕೊಡಿ. ಈಗಲೇ ಕೊಟ್ರೆ ಆ ಶಾಲೆ ನಿಮ್ಮನ್ನ ಒಳಗೆ ಬಿಡಲ್ಲ” ಎಂದರು. ಅದೇ ಮಕ್ಕಳಿಗೆ ಅದೇ ಹೇಳಿಕೆಗಳನ್ನು ಕೆಲವು ವಾರ ಬಿಟ್ಟು ಮತ್ತೊಮ್ಮೆ ಕೊಟ್ಟು, ಉತ್ತರ ಬದಲಾಗಿಲ್ಲ ಎಂದು ನೋಡಿಕೊಳ್ಳುವುದು ಇಂಥ ಕೆಲಸದ ಕ್ರಮ. ಉತ್ತರ ಬದಲಾಗದೆ ನಿಂತರೆ ಮಾಪನವೂ ಗಟ್ಟಿಯಾಗಿ ನಿಂತ ಹಾಗೆ. ಕೆಲವು ವಾರ ತಾನೆ ಎಂದುಕೊಂಡು ಹೇಮಾವತಿ ಹಾಳೆಯನ್ನು ಬೀರುವಿನಲ್ಲಿಟ್ಟಳು.

*

ಎರಡನೇ ಸಲ ಹೋದಾಗ ಪರಶುರಾಮ್ ತಾವಾಗಿಯೇ ಹೊರಗೆ ನಡೆದರು. “ನಾನಿರಲ್ಲ ಮೇಡಂ. ಆರಾಮಾಗಿ ಮಾಡ್ರಿ.”

ಹೇಮಾವತಿ ಹಾಳೆ ಹಂಚಿದಳು. ಮೊದಲ ಹೇಳಿಕೆ ಓದತೊಡಗಿದಳು. ಅವಳು ವಾಕ್ಯ ಮುಗಿಸುವ ಮೊದಲೇ ಪೆನ್ನುಗಳು ಗುರುತು ಹಾಕಿ ಎದ್ದಿದ್ದವು. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಓದದೆ ಸುಮ್ಮನೆ ನಿಂತಳು. ಓದದಿದ್ದರೂ ಗುರುತು ಬಿತ್ತು. ಎಲ್ಲವೂ ಮೊದಲ ಚೌಕದಲ್ಲಿ. ಹಾಳೆಗಳ ನೆತ್ತಿ ಬೋಳಾಗಿತ್ತು.

“ಇವತ್ತು ಯಾಕೆ ದೇವರ ಹೆಸರು ಬರೀಲಿಲ್ಲ?”

ವಿನೋದ್ ಎದ್ದ. ಹೋದ ಸಲದ ಹುಡುಗಾಟ ಮುಖದಲ್ಲಿರಲಿಲ್ಲ. “ಪಿ.ಟಿ. ಸರ್ ಬ್ಯಾಡ ಅಂದಾರೆ ಮಿಸ್.”

“ಯಾಕಂತೆ?”

ವಿನೋದ್ ಕೂತುಬಿಟ್ಟ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಂದು ಜಾಗ ಖಾಲಿಯಿತ್ತು. ಹಿಂದಿನಿಂದ ಯಾರೋ ಮೆಲ್ಲಗೆ, “ಪೂರ್ಣಕ್ಕ ಇಲ್ಲ ಮಿಸ್ ಇವತ್ತು. ಎರಡು ವಾರದಿಂದ್ಲೂ ಇಲ್ಲ” ಎಂದಾಗ ತರಗತಿ ಕಿಸಕ್ಕನೆ ನಕ್ಕಿತು.

“ಪೂರ್ಣಕ್ಕ ಅಂದ್ರೆ ಯಾರು?”

“ಚೈತ್ರಶ್ರೀ ಮಿಸ್,” ಎಂದಳು ಖಾಲಿ ಜಾಗದ ಪಕ್ಕ ಕೂತಿದ್ದ ಹುಡುಗಿ. ಅವಳ ಹೆಸರು ಪ್ರಮೀಳಾ. ಅವಳು ನಕ್ಕಿರಲಿಲ್ಲ, ಅಥವಾ ನಕ್ಕು ನಿಲ್ಲಿಸಿದ್ದಳು.

ಗಂಟೆ ಹೊಡೆದು ಎಲ್ಲರೂ ಊಟಕ್ಕೆ ಹೋದ ಮೇಲೆ ಹೇಮಾವತಿ ಪ್ರಮೀಳಾಳನ್ನು ಒಬ್ಬಳನ್ನೇ ಕೇಳಿದಳು. ಹುಡುಗಿ ತಟ್ಟೆ ಎದೆಗವುಚಿಕೊಂಡು, ಬಾಗಿಲ ಕಡೆ ಕಣ್ಣಿಟ್ಟು ಹೇಳಿದಳು.

“ನೀವು ಬಂದು ಹೋದ ಮರುದಿನಾನೇ ಮಿಸ್. ಪ್ರಾರ್ಥನೆ ಮುಗೀತು. ಪಿ.ಟಿ. ಸರ್ ಮೈಕ್ ತಗೊಂಡು ‘ಅಂತರಘಟ್ಟಮ್ಮನ ಭಕ್ತೆ ಯಾರವ್ವಾ, ಮುಂದೆ ಬಾ’ ಅಂದ್ರು. ಅವಳು ಹೋದ್ಲು. ನೀವು ಕೊಟ್ಟಿದ್ರಲ್ಲ ಖಾಲಿ ಕಾಗದ, ಅದನ್ನ ಸರ್ ಒಂದೊಂದೇ ಓದಿದ್ರು. ಒಂದೊಂದಕ್ಕೂ ಇವಳು ಮೈಕಿನಾಗೆ ‘ಪೂರ್ಣ ಒಪ್ಪುತ್ತೇನೆ’ ಅನ್ಬೇಕು. ಅಂದ್ಲು. ಆ ಶಿಕ್ಷೆದು ಒಂದು ಐತಲ್ಲ ಮಿಸ್, ಶಿಕ್ಷೆಗೆ ಯಾವಾಗ್ಲೂ ಕಾರಣ ಇರುತ್ತೆ ಅಂತ, ಅಲ್ಲಿ ಸುಮ್ನಾದ್ಲು. ಸರ್ ಮೊದಲಿಂದ ಶುರು ಮಾಡಿದ್ರು. ಮತ್ತೆ ಅಲ್ಲಿಗೇ ಬಂದು ಸುಮ್ನಾದ್ಲು. ಮತ್ತೆ ಮೊದಲಿಂದ.”

“ಕೊನೆಗೆ?”

“ಅಂದ್ಲು ಮಿಸ್. ಪ್ರಶ್ನೆ ಮಾಡಬಾರ್ದು ಅಂತ ಒಂದು ಐತಲ್ಲ, ಪ್ರಶ್ನೆ ಮಾಡಬೇಕು ಅಂತ ಇನ್ನೊಂದು, ಎರಡಕ್ಕೂ ಪೂರ್ಣ ಒಪ್ಪುತ್ತೇನೆ ಅಂದ್ಲು. ಆಗ ಎಲ್ರೂ ನಕ್ಕುಬಿಟ್ರು. ಆಮೇಲೆ ಪೂರ್ಣಕ್ಕ ಅಂತ ಕರೆಯಾಕೆ ಶುರು ಮಾಡಿದ್ರು. ಬಸ್ಸಿನಾಗೂ. ಕಂಡಕ್ಟರಣ್ಣನೂ.” ಪ್ರಮೀಳಾ ತಟ್ಟೆ ತಿರುಗಿಸಿದಳು. “ನಾನು ಹೋಗ್ಲಾ ಮಿಸ್? ಸಾರು ಖಾಲಿ ಆಗುತ್ತೆ.”

ಹೇಮಾವತಿ ನೇರ ಮುಖ್ಯೋಪಾಧ್ಯಾಯರ ಕೊಠಡಿಗೆ ಹೋದಳು. ಪರಶುರಾಮ್ ಅಲ್ಲೇ ಇದ್ದರು. ಕೇಳಿದ್ದನ್ನೆಲ್ಲ ನಿಂತೇ ಹೇಳಿದಳು. ವಿರೂಪಾಕ್ಷಪ್ಪ ಎಲ್ಲ ಕೇಳಿಸಿಕೊಂಡರು. ಮೊದಲಿನಂತೆಯೇ ಮೃದುವಾಗಿ ಮಾತಾಡಿದರು.

“ಕೂತ್ಕೊಳ್ರಿ ತಾಯಿ. ಹೊಡೆದಿಲ್ಲ, ಬೈದಿಲ್ಲ. ಓದಿ ಹೇಳಿಸಿದ್ದೀವಿ ಅಷ್ಟೆ. ಓದಿದ್ದೂ ನೀವೇ ಬರೆದಿದ್ದು. ಅದರಾಗೆ ತಪ್ಪಿದ್ರೆ ನೀವೇ ಹೇಳ್ಬೇಕು.”

“ಅವಳು ಏನು ಬರೆದಿದ್ಲು ಅಂತ ನಿಮಗೆ ಗೊತ್ತಾ ಸರ್? ಯಾಕೆ ಬರೆದಳು ಅಂತ?”

“ನಾವೇನು ನೋಡಿಲ್ಲಲ್ಲ. ನೀವೇ ತೋರಿಸ್ಲಿಲ್ಲ.”

“ಮತ್ತೆ ಅವಳೇ ಅಂತ ಹೆಂಗೆ ಗೊತ್ತಾಯ್ತು?”

ಪರಶುರಾಮ್ ಕಿಟಕಿಯ ಹತ್ತಿರದಿಂದ ತಿರುಗಿದರು. ಅವರ ದನಿಯಲ್ಲಿ ವ್ಯಂಗ್ಯವೂ ಇರಲಿಲ್ಲ. “ನೀವೇ ಹೇಳಿದ್ರಲ್ಲ ಮೇಡಂ. ಇಲ್ಲೇ ಕೂತು. ಹಾಳೆ ಕೈಯಾಗಿತ್ತು, ದೇವ್ರ ಹೆಸರು ಹೇಳಿದ್ರಿ, ಗುರುತೆಲ್ಲಾ ಕಾಣ್ತಿತ್ತು. ಒಂದೇ ಮನೆ ಅಂತ ನಾನೂ ಹೇಳಿದ್ನಲ್ಲ, ನೀವೂ ನಕ್ಕಿದ್ರಿ.”

ಹೇಮಾವತಿ ಕುರ್ಚಿಯ ಹಿಡಿ ಹಿಡಿದು ನಿಂತಳು. ಹೊರಗೆ ಮಕ್ಕಳು ತಟ್ಟೆ ತೊಳೆಯುವ ಸದ್ದು ಕೇಳುತ್ತಿತ್ತು.

*

ಚೈತ್ರಶ್ರೀಯ ಮನೆ ಶಾಲೆಯಿಂದ ಒಂದಿಷ್ಟು ದೂರದ ಹಟ್ಟಿಯಲ್ಲಿ. ತಾಯಿ ಚೌಡಕ್ಕ ಅಂಗಳದಲ್ಲಿ ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಳು. ಹೇಮಾವತಿಯ ಸೀರೆ, ಚೀಲ ನೋಡಿಯೇ ಗುರುತು ಹಿಡಿದಳು.

“ಕಾಗದದ ಮೇಡಂ ನೀವೇನಾ?”

“ಹೌದಮ್ಮ.”

“ಬರ್ರಿ. ಬಂದವ್ರನ್ನ ಬ್ಯಾಡ ಅನ್ನಾಕೆ ಆಗಲ್ಲ.” ಚಾಪೆ ಹಾಕಲಿಲ್ಲ. “ನನ್ನ ಮಗಳಿಗೆ ಹೇಳ್ತಿದ್ದೆ ನಾನು. ಸಾಲಿಯಾಗೆ ತಲೆ ಬಗ್ಗಿಸ್ಕೊಂಡು ಹೋಗಿ ತಲೆ ಬಗ್ಗಿಸ್ಕೊಂಡು ಬಾ ಅಂತ. ನೀವು ಬಂದು ತಲೆ ಎತ್ತು ಅಂದ್ರಿ. ಎತ್ತಿದ್ಲು. ಈಗ ಎಲ್ಲಿಡ್ಲಿ ಆ ತಲೇನ?”

ಹೇಮಾವತಿ ಮನೆಯ ಒಳಗೆ ಕಣ್ಣು ಹಾಯಿಸಿದಳು. “ಚೈತ್ರಶ್ರೀ ಎಲ್ಲಿದ್ದಾಳೆ?”

“ಅವರ ಸೋದರತ್ತೆ ಮನೆಯಾಗೆ, ಬಸವಾಪಟ್ಟಣದಾಗೆ. ಅಡಿಕೆ ಸುಲಿಯಾಕೆ ಹೋಗ್ತಾಳೆ. ಅಲ್ಲಿ ಯಾರೂ ಅವಳನ್ನ ಪೂರ್ಣಕ್ಕ ಅನ್ನಲ್ಲ.” ತೆನೆ ತಿರುವಿದಳು. “ಅವರಪ್ಪ ಲಾರಿ ಮೇಲೆ ಹೋಗಿದ್ದ. ಬಂದು ಕೇಳಿ ಸಾಲಿಗೆ ಹೋಗ್ತೀನಿ ಅಂತ ಎದ್ದ. ನಾನೇ ಕಾಲು ಹಿಡ್ಕೊಂಡು ನಿಲ್ಲಿಸ್ದೆ. ನಾಳೆ ಅವನ್ನ ಒಳಗೆ ಹಾಕಿದ್ರೆ ಬಿಡ್ಸಾಕೆ ನೀವು ಬರ್ತೀರಾ?”

ಮರುದಿನ ಹೇಮಾವತಿ ಆ ಹಾಳೆ ಹಿಡಿದು ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿಯ ಮುಂದೆ ಕೂತಳು. ಅವರು ಓದಿದರು. ಓದುವಾಗ ಮುಖ ಗಂಭೀರವಾಯಿತು. “ಇದು ಸಣ್ಣ ವಿಷಯ ಅಲ್ಲ ಮೇಡಂ. ಆದ್ರೆ ಇದಕ್ಕೆ ಹೆಸರಿಲ್ಲ, ಸಹಿ ಇಲ್ಲ. ನಾನು ಹೋಗಿ ಕೇಳಿದ್ರೆ ಇದು ನಮ್ಮ ಶಾಲೆದೇ ಅಲ್ಲ ಅಂತಾರೆ. ಆ ಹುಡುಗಿ ಬಂದು, ಇದು ನಾನು ಬರೆದದ್ದು ಅಂತ ನನ್ನ ಮುಂದೆ ಹೇಳ್ಲಿ. ಆ ವಾರದಲ್ಲೇ ವಿಚಾರಣೆ ಇಡ್ತೀನಿ. ಮೈಕಿಂದ ಹಿಡಿದು ಎಲ್ಲಾ ನಿಲ್ಲಿಸ್ತೀನಿ.” ಅವರು ಸುಳ್ಳು ಹೇಳುವವರಂತೆ ಕಾಣಲಿಲ್ಲ.

ಹೆಸರು ಗೊತ್ತಾಗಬಾರದವರಿಗೆಲ್ಲ ಗೊತ್ತಾಗಿದೆ, ಬೇಕಾದಲ್ಲಿ ಮಾತ್ರ ಇಲ್ಲ ಎಂದುಕೊಂಡು ಅವಳು ಬಸವಾಪಟ್ಟಣದ ಬಸ್ಸು ಹತ್ತಿದಳು.

*

ತಗಡಿನ ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಒಬ್ಬೊಬ್ಬರ ಮುಂದೂ ಮಣೆಗೆ ನಿಲ್ಲಿಸಿದ ಕತ್ತಿ. ಒಂದು ಕಡೆ ಕಾಯಿಯ ರಾಶಿ, ಇನ್ನೊಂದು ಕಡೆ ಸಿಪ್ಪೆ. ಅತ್ತೆ ಎನ್ನುವ ಹೆಂಗಸು ಹೇಮಾವತಿಯನ್ನು ಮೇಲಿಂದ ಕೆಳಗೆ ನೋಡಿ, “ಮಾತಾಡ್ರಿ, ಆದ್ರೆ ಕೈ ನಿಲ್ಲಿಸಬ್ಯಾಡ ಕಣೇ” ಎಂದು ಹುಡುಗಿಗೆ ಹೇಳಿ ಆಚೆ ಹೋದಳು.

ಚೈತ್ರಶ್ರೀ ಸಾಲಿನ ತುದಿಯಲ್ಲಿದ್ದಳು. ಬೆರಳುಗಳು ಕಂದಿ ಕಪ್ಪಾಗಿದ್ದವು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಹೇಮಾವತಿ ಅವಳ ಪಕ್ಕ ಸಿಪ್ಪೆಯ ಮೇಲೆಯೇ ಕೂತಳು.

“ತಪ್ಪು ನಂದು ಚೈತ್ರಾ. ದೇವರ ಹೆಸರನ್ನ ನಾನೇ ಓದಿ ಹೇಳಿದ್ದು.”

“ಗೊತ್ತು ಮಿಸ್. ಪಿ.ಟಿ. ಸರ್ ಮೈಕಿನಾಗೇ ಹೇಳಿದ್ರು. ನಿಮ್ಮ ಮೇಡಂಗೆ ಥ್ಯಾಂಕ್ಸ್ ಹೇಳು ಅಂದ್ರು.” ಸಿಟ್ಟಿಲ್ಲದೆ ಹೇಳಿದಳು. ಕತ್ತಿಗೆ ಕಾಯಿ ಒತ್ತಿ ಸಿಪ್ಪೆ ಬಿಡಿಸಿದಳು.

“ಓದು ಬಿಡಬೇಡ. ಚನ್ನಗಿರಿಯಲ್ಲಿ ನಮ್ಮ ಶಾಲೆಗೆ ಸೇರಿಸ್ತೀನಿ. ಹಾಸ್ಟೆಲ್ ಇದೆ. ನಾನಿರ್ತೀನಿ.”

“ನಿಮ್ಮ ಸಾಲಿಯಾಗೆ ಪಿ.ಟಿ. ಸರ್ ಇಲ್ವಾ?”

“ಇದ್ದಾರೆ.”

“ತಡ ಆದ್ರೆ ಏನ್ ಮಾಡ್ತಾರೆ?”

ಹೇಮಾವತಿ ನೆನಪು ಮಾಡಿಕೊಂಡಳು. ದಿನವೂ ತಾನು ದಾಟಿ ಹೋಗುವ ಗೇಟು, ಗೇಟಿನ ಹೊರಗೆ ಬಿಸಿಲಲ್ಲಿ ನಿಂತ ಮಕ್ಕಳು. ಅವರು ಯಾರು, ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. “ಹೊರಗೆ ನಿಲ್ಲಿಸ್ತಾರೆ,” ಎಂದಳು.

ಹುಡುಗಿ ತಲೆಯಾಡಿಸಿದಳು, ಅಷ್ಟೇ. ಪಕ್ಕದ ಮುದುಕಿ ಕೈಯಾಡಿಸುತ್ತಲೇ ಕಿವಿ ಇತ್ತ ಇಟ್ಟಿದ್ದಳು.

ಹೇಮಾವತಿ ಬಂದ ವಿಷಯಕ್ಕೆ ಬಂದಳು. ಅಧಿಕಾರಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. “ಒಂದು ಸಲ ನನ್ನ ಜೊತೆ ಬಾ. ಇದು ನಾನು ಬರೆದದ್ದು ಅಂತ ಅವರ ಮುಂದೆ ಹೇಳು. ಅಲ್ಲಿ ಇನ್ನೂ ಹುಡುಗಿಯರು ಇದ್ದಾರೆ. ಪ್ರಮೀಳಾ ಇದ್ದಾಳೆ. ನಾಳೆ ಅವರನ್ನೂ ಹಂಗೆ ನಿಲ್ಲಿಸ್ತಾರೆ. ನೀನೊಬ್ಬಳು ಹೇಳಿದ್ರೆ ಅದು ನಿಲ್ಲುತ್ತೆ.”

“ಅವರು ನನ್ನ ಹೆಸರು ಬರ್ಕೊಳ್ತಾರಾ?”

“ಬರ್ಕೊಳ್ತಾರೆ.”

“ಪಿ.ಟಿ. ಸರ್‌ನೂ ಕರೀತಾರಾ?”

“ವಿಚಾರಣೆ ಅಂದ್ರೆ ಕರೀಲೇಬೇಕು.”

“ನಾನು ಆವತ್ತು ಯಾಕೆ ನಿಲ್ಲಾಕೆ ಆಗಲ್ಲ ಅಂದೆ ಅಂತ ಅವರ ಮುಂದೆ ಕೇಳ್ತಾರಾ?”

ಹೇಮಾವತಿಗೆ ಇಲ್ಲ ಎಂದುಬಿಡುವುದು ಸುಲಭವಿತ್ತು. ಹುಡುಗಿ ಕತ್ತಿಯಿಂದ ಕಣ್ಣೆತ್ತಿ ಅವಳನ್ನೇ ನೋಡುತ್ತಿದ್ದಳು.

“ಕೇಳ್ತಾರೆ,” ಎಂದಳು. “ಕೇಳಿದ್ರೆ ನಾನು ಪಕ್ಕದಲ್ಲೇ ಇರ್ತೀನಿ. ಬಾ ಚೈತ್ರಾ. ಕೈ ಮುಗಿದು ಕೇಳ್ತೀನಿ.”

ಚೈತ್ರಶ್ರೀ ರಾಶಿಯಿಂದ ಇನ್ನೊಂದು ಕಾಯಿ ತೆಗೆದುಕೊಂಡಳು.

“ಇಲ್ಲ ಮಿಸ್,” ಎಂದಳು. “ನಾನು ಬರಲ್ಲ.”